ಮಠ ಎಂದರೆ ಸಾಲಿ ಆಗಿದ್ದ ಕಾಲ

ಹಳೆಯ ಕನ್ನಡ ಪತ್ರಿಕೆಗಳ ಪಟ್ಟಿಯ ಮೇಲೆ ಕಣ್ಣಾಡಿಸುವವರಿಗೆ 1865ನೆಯ ಇಸವಿಯ ಎದುರು ಒಂದು ಹೆಸರು ಸಿಗುತ್ತದೆ: ‘ಮಠಪತ್ರಿಕೆ’. ಊರು ಬೆಳಗಾವಿ. ಹೆಸರನ್ನು ಓದಿದ ಕೂಡಲೇ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಯಾವುದೋ ಸ್ವಾಮಿಗಳ ಪಟ್ಟಾಭಿಷೇಕ, ಜಾತ್ರೆಯ ತೇರು, ದಾಸೋಹದ ಲೆಕ್ಕ, ಪುರಾಣ ಪ್ರವಚನದ ಸುದ್ದಿ, ಇವುಗಳನ್ನು ಅಚ್ಚು ಹಾಕುತ್ತಿದ್ದ ಧಾರ್ಮಿಕ ಪತ್ರಿಕೆ ಇದಾಗಿರಬೇಕು ಎಂದುಕೊಂಡು ಮುಂದಿನ ಹೆಸರಿಗೆ ಹೋಗುತ್ತೇವೆ.

ಆದರೆ ಅದು ಯಾವ ಸ್ವಾಮಿಗಳ ಪತ್ರಿಕೆಯೂ ಆಗಿರಲಿಲ್ಲ. ಮುಂಬಯಿ ಸರಕಾರದ ಶಿಕ್ಷಣ ಖಾತೆಯಲ್ಲಿದ್ದ ಒಬ್ಬ ಕನ್ನಡಿಗ ಅಧಿಕಾರಿ ಹಳ್ಳಿಯ ಶಿಕ್ಷಕರಿಗಾಗಿ ಹೊರಡಿಸಿದ ಮಾಸಪತ್ರಿಕೆ ಅದು. ಅಲ್ಲಿನ ‘ಮಠ’ಕ್ಕೆ ಶಾಲೆ ಎಂದೇ ಅರ್ಥ. ಇಂದಿನ ಮಾತಿನಲ್ಲಿ ಹೇಳಬೇಕಾದರೆ ‘ಶಾಲಾಪತ್ರಿಕೆ’. ನೂರರವತ್ತು ವರ್ಷಗಳಲ್ಲಿ ಒಂದು ಸಾಮಾನ್ಯ ಶಬ್ದ ತನ್ನ ಅರ್ಧ ಅರ್ಥವನ್ನು ಹೀಗೆ ಕಳೆದುಕೊಂಡು, ನಾವು ನಮ್ಮ ಅಜ್ಜಂದಿರ ಪತ್ರಿಕೆಯ ಹೆಸರನ್ನೇ ತಪ್ಪಾಗಿ ಓದುವಂತೆ ಮಾಡಿದೆ. ಈ ಅರ್ಥ ಎಲ್ಲಿ ಹೋಯಿತು? ಹೋಗುವಾಗ ತನ್ನೊಂದಿಗೆ ಏನನ್ನು ತೆಗೆದುಕೊಂಡು ಹೋಯಿತು?

ಖಾನಾಪುರ ತಾಲ್ಲೂಕಿನ ಪೂರ್ವ ಭಾಗದ ಪಾರಿಶ್ವಾಡ, ಇಟಗಿ, ಬೀಡಿಯ ಕಡೆಗೆ ಹೋದರೆ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ತಾಲ್ಲೂಕಿನ ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟ ಕಾಡು, ಅಲ್ಲಿ ಹೆಚ್ಚಾಗಿ ಮರಾಠಿ ಮಾತು. ಪೂರ್ವಕ್ಕೆ ಬಯಲು ಹೊಲಗಳು, ಅಲ್ಲಿ ಕನ್ನಡದ ಮಾತು. ಇಲ್ಲಿಯ ಹಿರಿಯರ ಬಾಯಲ್ಲಿ ಶಾಲೆಗೆ ‘ಸಾಲಿ’ ಎಂದೇ ಹೆಸರು. ಓದಿದವ ಎಂದರೆ ‘ಸಾಲಿ ಕಲಿತಾಂವ’. ‘ಎಷ್ಟನೇ ಇಯತ್ತೆ ತಮ್ಮಾ?’ ಎಂದು ಅಜ್ಜ ಹುಡುಗನನ್ನು ಕೇಳುತ್ತಾನೆ. ಮೈಸೂರು ಕಡೆಯ ಊರಿನಲ್ಲಿ ಶಾಲೆಯ ಫಲಕದ ಮೇಲೆ ಶಾಲೆ ಎಂದಿದ್ದರೆ ಸಾಕು. ಈ ಗಡಿ ತಾಲ್ಲೂಕಿನಲ್ಲಿ ಸಾಲದು. ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಎಂಬುದನ್ನೂ ಫಲಕ ಹೇಳಬೇಕು. ಆ ಒಂದು ವಿಶೇಷಣದ ಹಿಂದೆ ‘ಮಠಪತ್ರಿಕೆ’ಯ ಕಾಲದ ಕತೆ ಅಡಗಿದೆ.

ಅಮರಕೋಶದಿಂದ ಕಿಟೆಲ್ ಕೋಶದವರೆಗೆ

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದ ಅಮರಕೋಶ ಮಠ ಎಂಬುದಕ್ಕೆ ಕೊಡುವ ಅರ್ಥ ಸರಳವಾದದ್ದು: ವಿದ್ಯಾರ್ಥಿಗಳು ಮೊದಲಾದವರು ಇರುವ ಮನೆ. ಸನ್ಯಾಸಿಗಳಿಗಿಂತ ಮೊದಲು ಅಲ್ಲಿ ಹೆಸರಿಸಲ್ಪಟ್ಟವರು ಓದುವ ಹುಡುಗರು ಎಂಬುದು ಗಮನಿಸಬೇಕಾದ ಮಾತು. ಗುರುವಿದ್ದಲ್ಲಿ ಶಿಷ್ಯರು, ಶಿಷ್ಯರಿದ್ದಲ್ಲಿ ಊಟ ವಸತಿ, ಇವೆಲ್ಲ ಸೇರಿ ಮಠ. ಓದು ಮತ್ತು ಧರ್ಮ ಎರಡೂ ಒಂದೇ ಛಾವಣಿಯ ಕೆಳಗಿದ್ದ ಕಾಲದಲ್ಲಿ ಎರಡಕ್ಕೂ ಒಂದೇ ಹೆಸರು ಸಾಕಾಗಿತ್ತು.

ಕನ್ನಡ ನಾಡಿನ ಶಾಸನಗಳೂ ಇದನ್ನೇ ಹೇಳುತ್ತವೆ. ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ನಾಲ್ಕು ವೇದಗಳು, ಪಾಣಿನಿ ಮೊದಲಾದವರ ವ್ಯಾಕರಣಗಳು, ದರ್ಶನಗಳು, ಕಾವ್ಯ ನಾಟಕಗಳು ಪಾಠವಾಗುತ್ತಿದ್ದವು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಪೂಜೆಯ ಸ್ಥಳ, ಕಾಲೇಜು, ಆಸ್ಪತ್ರೆ, ಅನ್ನಛತ್ರ ಎಲ್ಲವೂ ಅದೇ.

ಹಾಗೆಂದು ‘ಶಾಲೆ’ ಎಂಬುದು ಹೊಸ ಶಬ್ದವೇನಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿಷಯವನ್ನು ತಿಳಿಸುತ್ತದೆ. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ 27 ಮನೆಗಳಿದ್ದವು. ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆಯ ಕೀರ್ತಿಯಿಂದ ಅದು ‘ಶಾಲಾಪಾವಿಟ್ಟಗೆ’ಯಾಗಿ, ಜನರ ಬಾಯಲ್ಲಿ ಸವೆದು ಸಾಲೋಟಗಿ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಶಾಲೆ ಎಂದರೆ ಮೂಲದಲ್ಲಿ ದೊಡ್ಡ ಕೋಣೆ, ಚಪ್ಪರ ಅಷ್ಟೆ. ಪಾಕಶಾಲೆಯೂ ಶಾಲೆ, ಗೋಶಾಲೆಯೂ ಶಾಲೆ, ಧರ್ಮಶಾಲೆಯೂ ಶಾಲೆ. ಓದುವ ಜಾಗ ಎಂದು ಸ್ಪಷ್ಟವಾಗಿ ಹೇಳಬೇಕಾದರೆ ‘ಪಾಠಶಾಲೆ’ ಎನ್ನಬೇಕಿತ್ತು. ಮಠಕ್ಕೆ ಆ ತೊಂದರೆಯಿರಲಿಲ್ಲ. ಹಳ್ಳಿಯಲ್ಲಿ ‘ಹುಡುಗ ಮಠಕ್ಕೆ ಹೋಗಿದ್ದಾನೆ’ ಎಂದರೆ ಅಕ್ಷರ ಕಲಿಯಲು ಹೋಗಿದ್ದಾನೆ ಎಂದೇ ತಿಳಿಯುತ್ತಿತ್ತು.

ಹೀಗಾಗಿ ಕನ್ನಡದ ಎಲ್ಲ ಸೀಮೆಗಳಲ್ಲೂ ಈ ಅರ್ಥ ಬೇರು ಬಿಟ್ಟಿತ್ತು. ಮೈಸೂರು ಸೀಮೆಯಲ್ಲಿ ಮಕ್ಕಳು ಕೊಡುವ ಕೂಲಿಯ ಮೇಲೆ ಉಪಾಧ್ಯಾಯ ಬದುಕುತ್ತಿದ್ದ ಶಾಲೆ ‘ಕೂಲಿಮಠ’. ದಕ್ಷಿಣ ಕನ್ನಡದಲ್ಲಿ ಅದು ‘ಐಗಳ ಮಠ’. ಉತ್ತರ ಕರ್ನಾಟಕದಲ್ಲಿ ಇದರ ಸಾಕ್ಷಿ ಇಂದಿಗೂ ಜನರ ಹೆಸರಿನ ಕೊನೆಯಲ್ಲಿ ಉಳಿದಿದೆ. ಹಿರೇಮಠ, ಚಿಕ್ಕಮಠಗಳ ಜೊತೆಗೆ ‘ಸಾಲಿಮಠ’ ಎಂಬ ಅಡ್ಡಹೆಸರನ್ನು ಕೇಳದವರು ಬೆಳಗಾವಿ, ಧಾರವಾಡಗಳಲ್ಲಿ ಯಾರೂ ಇರಲಾರರು. ಸಾಲಿಯೂ ಹೌದು, ಮಠವೂ ಹೌದು. ಎರಡು ಶಬ್ದಗಳೂ ಕೈ ಹಿಡಿದು ನಿಂತ ಹೆಸರು ಅದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ತನ್ನ ದೊಡ್ಡ ನಿಘಂಟಿನಲ್ಲಿ ಫರ್ಡಿನಾಂಡ್ ಕಿಟೆಲ್ ಮಠ ಶಬ್ದಕ್ಕೆ ಶಾಲೆ ಎಂಬ ಅರ್ಥವನ್ನೂ ಕೊಟ್ಟಿದ್ದಾನೆ. ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೂ ಆ ಅರ್ಥ ಜೀವಂತವಾಗಿತ್ತು.

ಮಠದ ಒಳಗೆ ಏನಿತ್ತು?

ಆ ಕಾಲದ ಊರಶಾಲೆಗಳ ಒಳ್ಳೆಯ ವರ್ಣನೆಯೊಂದು ಬಳ್ಳಾರಿಯಿಂದ ಸಿಗುತ್ತದೆ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಮದರಾಸು ಸರಕಾರಕ್ಕೆ ಒಂದು ವರದಿ ಕಳಿಸಿದ. ಸುಮಾರು 9 ಲಕ್ಷ 27 ಸಾವಿರ ಜನಸಂಖ್ಯೆಯ ಜಿಲ್ಲೆಯಲ್ಲಿ ಅವನಿಗೆ ಸಿಕ್ಕ ಶಾಲೆಗಳು 533, ಓದುವವರು 6,641. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಓದುವವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಬೆಳಗಿನ ಜಾವಕ್ಕೇ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟಿನ ಲೆಕ್ಕ ಏರುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಅನಂತರ ಕಪ್ಪು ಬಳಿದ ಹಲಗೆಗೂ ಕಡತಕ್ಕೂ ಏರಬೇಕು. ದೊಡ್ಡ ಹುಡುಗರೇ ಚಿಕ್ಕವರಿಗೆ ಹೇಳಿಕೊಡಬೇಕು. ಈ ಕ್ರಮ ಕ್ಯಾಂಬೆಲ್‌ಗೆ ಬಹಳ ಮೆಚ್ಚುಗೆಯಾಗಿತ್ತು. ಮದರಾಸಿನಲ್ಲಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿ ಇಂಥದೇ ಪದ್ಧತಿಯನ್ನು ಇಂಗ್ಲೆಂಡಿಗೆ ಕೊಂಡೊಯ್ದಿದ್ದ. ಅದು ಅಲ್ಲಿ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಕಲಿಯುವ ಪುಸ್ತಕಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಜೊತೆಗೆ ಲಿಂಗಾಯತ ಮಕ್ಕಳಿಗೆ ರಾಘವಾಂಕನ ಕಾವ್ಯ, ಗಿರಿಜಾ ಕಲ್ಯಾಣ, ಚೆನ್ನಬಸವೇಶ್ವರ ಪುರಾಣಗಳೂ ಇದ್ದವು.

ಆದರೆ ಅದೇ ವರದಿ ಒಂದು ಕಹಿ ಸತ್ಯವನ್ನೂ ಹೇಳುತ್ತದೆ. ಜನ ಬಡವಾಗುತ್ತಿದ್ದರು, ಹಿಂದಿನ ಅರಸರು ಕೊಡುತ್ತಿದ್ದ ಆಶ್ರಯ ಇಲ್ಲವಾಗಿತ್ತು, ಗುರುವಿಗೆ ಕೊಡಲು ತಂದೆತಾಯಿಗಳ ಕೈಯಲ್ಲಿ ಹಣವಿರಲಿಲ್ಲ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ ಎಂದು ಕಲೆಕ್ಟರನೇ ಒಪ್ಪಿಕೊಂಡ. ಮಠ ಎಂಬ ಶಬ್ದ ಸಾಯುವ ಮೊದಲೇ ಮಠದ ಜಗುಲಿ ಕುಸಿಯತೊಡಗಿತ್ತು.

ಡೆಪ್ಯೂಟಿ ಸಾಹೇಬರ ಪತ್ರಿಕೆ

ಬೆಳಗಾವಿ, ಧಾರವಾಡ ಸೀಮೆಗಳು 1818ರಲ್ಲಿ ಪೇಶವೆಯವರಿಂದ ಇಂಗ್ಲಿಷರ ಕೈಗೆ ಬಂದವು. ಈ ಭಾಗಕ್ಕೆ ಅವರು ಇಟ್ಟ ಹೆಸರೇ ‘ದಕ್ಷಿಣ ಮರಾಠಾ ದೇಶ’. ಕಚೇರಿಯ ಕಾಗದಪತ್ರ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಸರಕಾರ ತೆರೆದ ಮೊದಮೊದಲ ಶಾಲೆಗಳಲ್ಲೂ ಮರಾಠಿಯದೇ ಮೇಲುಗೈ. ಧಾರವಾಡದಲ್ಲಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ತನ್ನ ಸ್ವಂತ ಖರ್ಚಿನಿಂದ ಕನ್ನಡ ಶಾಲೆ ನಡೆಸಿದ್ದ ಎಂದರೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು. ಹೀಗೆ ಒಂದು ವಿಚಿತ್ರ ಸಂಗತಿ ನಡೆಯಿತು. ಸರಕಾರದ ‘ಶಾಲೆ’ ಮಗುವಿಗೆ ಬಾರದ ಭಾಷೆಯಲ್ಲಿ ಕಲಿಸುತ್ತಿತ್ತು. ಅಯ್ಯನವರ ‘ಮಠ’ ಮಗುವಿನ ಮನೆಯ ಮಾತಿನಲ್ಲಿ ಕಲಿಸುತ್ತಿತ್ತು.

1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಪ್ರತ್ಯೇಕ ಶಿಕ್ಷಣ ಖಾತೆ ಏರ್ಪಟ್ಟ ಮೇಲೆ ಗಾಳಿ ತಿರುಗಿತು. ದಕ್ಷಿಣ ಭಾಗದ ಶಿಕ್ಷಣಾಧಿಕಾರಿಯಾಗಿದ್ದ ಡಬ್ಲ್ಯು. ಎ. ರಸೆಲ್, ಆ ಖಾತೆಯಲ್ಲಿ ಡೆಪ್ಯೂಟಿ ಇನ್‌ಸ್ಪೆಕ್ಟರ್ ಆಗಿದ್ದ ಧಾರವಾಡದ ಚೆನ್ನಬಸಪ್ಪ, ಇವರಿಬ್ಬರ ಕೆಲಸದಿಂದ ಕನ್ನಡ ಮಕ್ಕಳಿಗೆ ಕನ್ನಡ ಶಾಲೆ ಎಂಬ ಮಾತು ನಿಜವಾಗತೊಡಗಿತು. ಚೆನ್ನಬಸಪ್ಪನವರ ಹುದ್ದೆಯೇ ಅವರ ಹೆಸರಾಗಿ ನಾಡು ಅವರನ್ನು ‘ಡೆಪ್ಯೂಟಿ ಚೆನ್ನಬಸಪ್ಪ’ ಎಂದೇ ನೆನೆಯುತ್ತದೆ. ಅವರು ಹಳ್ಳಿಹಳ್ಳಿಗೆ ತಿರುಗಿ ತಂದೆತಾಯಿಗಳ ಮನ ಒಲಿಸಿ ಮಕ್ಕಳನ್ನು ಶಾಲೆಗೆ ತಂದರು. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದವರೂ ಅವರೇ. ಬಾಣನ ಕಾದಂಬರಿಯನ್ನು ಕನ್ನಡಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರೂ ಆ ಕಾಲದ ಕನ್ನಡ ಕೆಲಸಕ್ಕೆ ಹೆಗಲು ಕೊಟ್ಟವರು.

ಶಾಲೆ ತೆರೆದರೆ ಸಾಲದು, ಶಿಕ್ಷಕರು ತಯಾರಾಗಬೇಕು. ತಯಾರಾದ ಶಿಕ್ಷಕ ಪಾರಿಶ್ವಾಡದಂಥ ಹಳ್ಳಿಗೆ ಹೋಗಿ ಒಬ್ಬನೇ ಕುಳಿತರೆ ಅವನಿಗೆ ಹೊಸ ವಿಷಯ ತಿಳಿಸುವವರು ಯಾರು? ಅದಕ್ಕಾಗಿ ಹುಟ್ಟಿದ್ದು 1865ರ ‘ಮಠಪತ್ರಿಕೆ’. ಚೆನ್ನಬಸಪ್ಪನವರು ‘ಶಾಲಾ’ ಎನ್ನದೆ ‘ಮಠ’ ಎಂದು ಏಕೆ ಕರೆದಿರಬಹುದು? ಕಾರಣವನ್ನು ಊಹಿಸುವುದು ಕಷ್ಟವಲ್ಲ. ಊರಿನ ಜನಕ್ಕೆ ಗೊತ್ತಿದ್ದ, ನಂಬಿಕೆಯಿದ್ದ ಶಬ್ದ ಅದು. ಶಾಲೆ ಎಂದರೆ ಸರಕಾರದ್ದು, ಮರಾಠಿಯದ್ದು ಎಂಬ ಭಾವನೆಯಿದ್ದಲ್ಲಿ ಮಠ ಎಂದರೆ ನಮ್ಮದು. ಹೊಸ ಶಾಲೆಗೆ ಹಳೆಯ ಹೆಸರಿನ ಹೊದಿಕೆ ಹೊದಿಸಿದರೆ ಜನ ಹತ್ತಿರ ಬಂದಾರು ಎಂದು ಬಲ್ಲ ಅಧಿಕಾರಿಗೆ ತೋಚಿರಬೇಕು.

ಆದರೆ ಹೊದಿಕೆ ಹೆಚ್ಚು ದಿನ ಉಳಿಯಲಿಲ್ಲ. ಪತ್ರಿಕೆ ಮುಂದೆ ‘ಶಾಲಾಪತ್ರಕ’ವಾಯಿತು, ‘ಕನ್ನಡ ಶಾಲಾಪತ್ರಿಕೆ’ಯಾಯಿತು, ಕೊನೆಗೆ ‘ಜೀವನ ಶಿಕ್ಷಣ’ವಾಗಿ ಧಾರವಾಡದಿಂದ ಹೊರಡುತ್ತ ಒಂದೂವರೆ ಶತಮಾನವನ್ನೇ ದಾಟಿತು. ಕನ್ನಡದಲ್ಲಿ ಇಷ್ಟು ದೀರ್ಘ ಆಯುಷ್ಯ ಪಡೆದ ಪತ್ರಿಕೆಗಳು ಅಪರೂಪ. ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ನಮ್ಮ ಶಿಕ್ಷಣದ ಇತಿಹಾಸವೇ ಕಾಣುತ್ತದೆ: ಮೊದಲು ಮಠ, ಆಮೇಲೆ ಶಾಲೆ, ಆಮೇಲೆ ಕನ್ನಡ ಶಾಲೆ, ಕೊನೆಗೆ ಜೀವನವೇ ಶಿಕ್ಷಣ.

ಮಠ ಹಿಂದೆ ಸರಿದದ್ದೇಕೆ?

ಶಬ್ದಗಳು ಸುಮ್ಮನೆ ಬದಲಾಗುವುದಿಲ್ಲ. ಮಠ ಹೋಗಿ ಶಾಲೆ ಬರಲು ಎರಡು ಮುಖ್ಯ ಕಾರಣಗಳು ಕಾಣುತ್ತವೆ.

ಒಂದು, ಖಾತೆಯ ಶಿಸ್ತು. ಇಯತ್ತೆಗಳು, ಅಚ್ಚಾದ ಪಠ್ಯಪುಸ್ತಕ, ಹಾಜರಿಪಟ್ಟಿ, ಇನ್‌ಸ್ಪೆಕ್ಟರರ ಭೇಟಿ, ಮುಲ್ಕೀ ಪರೀಕ್ಷೆ, ಇವೆಲ್ಲ ಬಂದ ಮೇಲೆ ಹಳೆಯ ಜಗುಲಿಯ ಮಠಕ್ಕೂ ಸರಕಾರಿ ಶಾಲೆಗೂ ಬೇರೆ ಬೇರೆ ಹೆಸರು ಬೇಕಾಯಿತು. ಮುಲ್ಕೀ ಪಾಸಾದವನಿಗೆ ಮಾಸ್ತರಿಕೆಯೋ ತಲಾಟಿ ಕೆಲಸವೋ ಸಿಗುವ ಆಸೆಯಿತ್ತು. ಮಠದಲ್ಲಿ ಓದಿದವನಿಗೆ ಅದಿರಲಿಲ್ಲ. ಮೈಸೂರು ಸೀಮೆಯಲ್ಲೂ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದ ಮೇಲೆ ಕೂಲಿಮಠ ಎಂಬ ಮಾತಿಗೆ ಹಳತು, ಹಿಂದುಳಿದದ್ದು ಎಂಬ ಛಾಯೆ ಅಂಟಿಕೊಂಡಿತು. ಕೂಲಿಮಠದ ನೆನಪು ಬರೆದವರು ಕೋದಂಡದ ಶಿಕ್ಷೆಯನ್ನು ಮರೆಯದೆ ಬರೆದಿದ್ದಾರೆ.

ಎರಡನೆಯದು ಇದಕ್ಕಿಂತ ಆಳವಾದದ್ದು: ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ. ಮಠ ಗುರುವಿನದು. ಯಾರನ್ನು ಕೂಡಿಸಿಕೊಳ್ಳಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದು ಅವನ ಮತ್ತು ಊರಿನ ಇಚ್ಛೆ. ಶಾಲೆ ಸರಕಾರದ್ದು, ಅಂದರೆ ಎಲ್ಲರದು. ಈ ಮಾತಿನ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಧಾರವಾಡದಲ್ಲೇ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಅಲ್ಲಿಯ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಕೊಂಡ ಸರಕಾರ, ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆಂಬ ಅಂಜಿಕೆಯಿಂದ ಅರ್ಜಿಯನ್ನು ತಳ್ಳಿಹಾಕಿತು. ವಿಷಯ ಭಾರತ ಸರಕಾರಕ್ಕೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಮುಟ್ಟಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ 1858ರ ಏಪ್ರಿಲ್‌ನಲ್ಲಿ ಹೇಳಿತು. 1882ರ ಹಂಟರ್ ಆಯೋಗವೂ ಈ ತತ್ವವನ್ನು ಎತ್ತಿ ಹಿಡಿಯಿತು.

ಕಾಗದದ ಮೇಲಿನ ಮಾತು ಊರೊಳಗೆ ಬರಲು ಮತ್ತೂ ಎಷ್ಟೋ ದಶಕಗಳು ಬೇಕಾದವು; ಶಾಲೆಯ ಹೊರಗೆ ಕುಳಿತು ಪಾಠ ಕೇಳಿದ ಮಕ್ಕಳ ಕತೆಗಳು ಇಪ್ಪತ್ತನೆಯ ಶತಮಾನದವು. ಆದರೂ ಧಾರವಾಡದ ಆ ಹುಡುಗ ಕೇಳಿದ ಹಕ್ಕನ್ನು ಮಠದ ಬಾಗಿಲಲ್ಲಿ ನಿಂತು ಕೇಳಲು ಬರುತ್ತಿರಲಿಲ್ಲ. ಶಾಲೆ ಎಂಬ ಶಬ್ದ ಬಂದಾಗ ಆ ಹಕ್ಕು ಕೇಳುವ ಜಾಗವೊಂದು ಬಂದಿತು. ಬಳ್ಳಾರಿಯ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ ಎಂಬ ಲೆಕ್ಕವನ್ನೂ ಇಲ್ಲಿ ನೆನೆಯಬೇಕು. ಕಳೆದುಹೋದ ಶಬ್ದಕ್ಕಾಗಿ ಮರುಗುವಾಗ ಅದರ ಜೊತೆಗೆ ಮುಚ್ಚಿದ ಬಾಗಿಲೂ ಹೋಯಿತೆಂಬುದನ್ನು ಮರೆಯಬಾರದು.

ಹಳೆಯ ಪುಟ ಓದುವಾಗ

ಇದು ಮಠ ಒಂದರ ಕತೆಯಲ್ಲ. 1843ರ ಜುಲೈ ಒಂದರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ದಲ್ಲಿ ಊರ ಸುದ್ದಿಗೆ ‘ಊರ ವರ್ತಮಾನ’ ಎಂಬ ತಲೆಬರಹವಿತ್ತು. ನಮಗೆ ವರ್ತಮಾನ ಎಂದರೆ ಈಗಿನ ಕಾಲ. ಅವರಿಗೆ ಅದು ಸುದ್ದಿ. ನಮ್ಮ ಉತ್ತರ ಕರ್ನಾಟಕದಲ್ಲಿ ದಿನಪತ್ರಿಕೆಯನ್ನು ‘ವರ್ತಮಾನಪತ್ರ’ ಎಂದು ಕರೆದ ಹಿರಿಯರಿದ್ದರು. ಶಿಕ್ಷಕನಿಗೆ ‘ಪಂತೋಜಿ’, ‘ಐಗಳು’, ‘ಮಾಸ್ತರ’ ಎಂಬ ಹೆಸರುಗಳು ಒಂದರ ಹಿಂದೆ ಒಂದು ಬಂದು ಹೋದವು.

ಹಾಗಾದರೆ ಹಳೆಯ ಪತ್ರಿಕೆಯಲ್ಲಿ ಮಠ ಎಂಬ ಶಬ್ದ ಸಿಕ್ಕರೆ ಅರ್ಥ ಹಿಡಿಯುವುದು ಹೇಗೆ? ನೆರೆಹೊರೆಯನ್ನು ನೋಡಬೇಕು. ಪಟ್ಟ, ಪೀಠ, ಉತ್ಸವ, ಕಾಣಿಕೆಗಳ ನಡುವೆ ಇದ್ದರೆ ಅದು ಸ್ವಾಮಿಗಳ ಮಠ. ಹುಡುಗರು, ಪಂತೋಜಿ, ಮಗ್ಗಿ, ಬರಹ, ಪರೀಕ್ಷೆಗಳ ನಡುವೆ ಇದ್ದರೆ ಅದು ಸಾಲಿ. ಮನುಷ್ಯನಂತೆ ಶಬ್ದಕ್ಕೂ ಸಂಗಡಿಗರಿಂದಲೇ ಗುರುತು.

ಇನ್ನೂ ಒಂದು ಸ್ವಾರಸ್ಯವಿದೆ. ಶಾಲೆಯ ಅರ್ಥವನ್ನು ಕಳೆದುಕೊಂಡ ಮಠವೇ ಇಪ್ಪತ್ತನೆಯ ಶತಮಾನದಲ್ಲಿ ಶಾಲೆಯನ್ನು ಹುಡುಕಿಕೊಂಡು ಬಂದಿತು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಹಳ್ಳಿಯ ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳದೂ ಇದೇ ಕಾಯಕ. ಹಳ್ಳಿಯಿಂದ ಬುತ್ತಿಗಂಟು ಕಟ್ಟಿಕೊಂಡು ಬಂದ ಹುಡುಗರು ಅಲ್ಲಿ ಉಂಡು, ಹೊರಗಿನ ಶಾಲೆ ಕಾಲೇಜುಗಳಲ್ಲಿ ಓದಿದರು. ವಿದ್ಯಾರ್ಥಿಗಳು ಇರುವ ಮನೆ ಎಂಬ ಅಮರಕೋಶದ ಅರ್ಥ ಹೀಗೆ ತಿರುಗಿ ಬಂದಿತು. 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಕತೆಯೂ ಇದರ ಪಕ್ಕದಲ್ಲೇ ಇಟ್ಟು ಓದಬೇಕಾದದ್ದು.

ಇಂದು ಪಾರಿಶ್ವಾಡದ ಕಡೆಯ ಹುಡುಗನಿಗೆ ‘ಮಠಕ್ಕೆ ಹೋಗಿದ್ದೆಯಾ?’ ಎಂದು ಕೇಳಿದರೆ ಅವನು ಕೈಮುಗಿದು ಬಂದದ್ದನ್ನು ನೆನೆದಾನು, ಪಾಟೀಚೀಲವನ್ನಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಭಾಷೆ ಹರಿಯುವ ನೀರು. ಆದರೆ ಅವನು ಹೋಗುವ ಶಾಲೆಯ ಫಲಕದ ಮೇಲೆ ‘ಕನ್ನಡ’ ಎಂಬ ಶಬ್ದ ಇದೆಯಲ್ಲ, ಅದು ತಾನಾಗಿ ಬಂದು ಕುಳಿತದ್ದಲ್ಲ. ಅದನ್ನು ಅಲ್ಲಿ ಕೂಡಿಸಲು ಹಳ್ಳಿಹಳ್ಳಿ ತಿರುಗಿದ ಒಬ್ಬ ಡೆಪ್ಯೂಟಿ, ಬಾಗಿಲಲ್ಲಿ ನಿಂತು ಅರ್ಜಿ ಬರೆದ ಒಬ್ಬ ಹುಡುಗನಿಗಾಗಿ ತೆರೆಯಬೇಕಾದ ಬಾಗಿಲು, ಮತ್ತು ಎರಡೂ ಅರ್ಥಗಳನ್ನು ಒಂದು ಕಾಲಕ್ಕೆ ಹೊತ್ತು ನಿಂತಿದ್ದ ಒಂದು ಹಳೆಯ ಶಬ್ದ ಬೇಕಾಯಿತು. ಗಡಿಯ ಹಳ್ಳಿಗಳಲ್ಲಿ ಯಾವ ಭಾಷೆಯ ಶಾಲೆಯಲ್ಲಾದರೂ ಮಕ್ಕಳ ಸಂಖ್ಯೆ ಇಳಿದು ಬಾಗಿಲು ಮುಚ್ಚುವ ಮಾತು ಬಂದಾಗ, ಆ ಬಾಗಿಲು ತೆರೆಯಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು 1865ರ ಆ ಪತ್ರಿಕೆಯ ಹೆಸರು ನಮಗೆ ನೆನಪಿಸಬೇಕು.